ರಾಣಿ ರೂಪಾಯಿ ಮತ್ತು ಕಡಲ ತೀರದ ಚೌಕಾಬಾರ

ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಲ್ಲಿ ರೈಲು ಹತ್ತಿ ಕೂತಾಗ ನನ್ನ ಎದುರಿನ ಸೀಟಿನಲ್ಲಿ ಉದ್ದನೆಯ ಕರಿ ಟೋಪಿಯ ಗೃಹಸ್ಥರೊಬ್ಬರು ಕೂತಿದ್ದರು. ಟೋಪಿ ಎಷ್ಟು ಎತ್ತರವಿತ್ತೆಂದರೆ, ಅವರು ಎದ್ದಾಗಲೆಲ್ಲ ಸಾಮಾನು ಇಡುವ ಹಲಗೆಗೆ ಬಡಿಯುತ್ತಿತ್ತು. ಕೊನೆಗೆ ಅದನ್ನು ತೆಗೆದು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡರು. ಕೋಟಿನ ಒಳಗಿನಿಂದ ಸರಪಳಿ ಕಟ್ಟಿದ ಗಡಿಯಾರ ತೆಗೆದು ನೋಡಿದರು. ಅದರ ಮೇಲೆ ಅಷ್ಟು ನಂಬಿಕೆ ಇರಲಿಲ್ಲವೋ ಏನೋ, ಮೆಲ್ಲಗೆ ಮೊಬೈಲಿನಲ್ಲೂ ಸಮಯ ನೋಡಿಕೊಂಡರು.

"ಅಜ್ಜಿ, ಅವರೂ ನಮ್ಮ ಗುಂಪಿನವರ!" ಎಂದು ಪುಟ್ಟಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಕೆಲವು ವರ್ಷಗಳ ಹಿಂದಿನ ಜೂನ್ ತಿಂಗಳ ಮಾತು ಇದು. ಮಗನ ಮನೆಗೆಂದು ಧಾರವಾಡದಿಂದ ಇಂಗ್ಲೆಂಡಿಗೆ ಹೋಗಿದ್ದೆ. ನನ್ನ ಸೊಸೆ ಅಲ್ಲಿ ಹೊಲಿಗೆ ಕಲಿಯಲು ಹೋಗುತ್ತಿದ್ದ ಕಡೆ ಒಂದು ವಿಚಿತ್ರ ಗೆಳೆತನ ಬೆಳೆಸಿಕೊಂಡಿದ್ದಳು. ವಿಕ್ಟೋರಿಯಾ ರಾಣಿಯ ಕಾಲದ ಬಟ್ಟೆಗಳನ್ನು ತಾವೇ ಹೊಲಿದುಕೊಂಡು, ಆ ಕಾಲದವರಂತೆಯೇ ಹೊರಸಂಚಾರ ಹೋಗಿ, ಆ ಕಾಲದ ಆಟಗಳನ್ನು ಆಡಿ ಬರುವ ಹವ್ಯಾಸಿಗಳ ಗುಂಪು ಅದು. ಬ್ಯಾಂಕಿನವರು, ದಾದಿಯರು, ನಿವೃತ್ತ ಶಿಕ್ಷಕರು, ಕಂಪ್ಯೂಟರ್ ಕೆಲಸದವರು ಎಲ್ಲ ಇದ್ದರು. ಕೆಂಟ್ ಪ್ರಾಂತದ ಬ್ರಾಡ್‌ಸ್ಟೇರ್ಸ್ ಎಂಬ ಕಡಲೂರಿನಲ್ಲಿ ಚಾರ್ಲ್ಸ್ ಡಿಕನ್ಸ್ ಹೆಸರಿನಲ್ಲಿ ನಡೆಯುವ ಉತ್ಸವಕ್ಕೆ ಅವರೆಲ್ಲ ಹೊರಟಿದ್ದರು. ಜೊತೆಗೆ ನಾವೂ.

ಹೊರಡುವ ಹಿಂದಿನ ರಾತ್ರಿ ಸೊಸೆ ನನ್ನ ಮುಂದೆ ಒಂದು ಬಾನೆಟ್ ಟೋಪಿ, ನೆಲ ಗುಡಿಸುವಂಥ ಒಂದು ಲಂಗ ತಂದಿಟ್ಟಳು. "ಅತ್ತಿ, ಇದು ನಿಮಗ. ಬ್ಯಾಡ ಅನಬ್ಯಾಡ್ರಿ."

ನಾನು ಬೇಡವೆಂದೇ ಹೇಳಿದೆ. ಸಿಟ್ಟಿನಿಂದಲ್ಲ. ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಆ 63 ವರ್ಷ ನಮ್ಮ ಮುತ್ತಜ್ಜಿಯರೇನು ಬಟ್ಟೆ ಇಲ್ಲದೆ ಇದ್ದರೇ? ಇಳಕಲ್ ಸೀರೆ ಉಡುತ್ತಿದ್ದರು, ಗುಳೇದಗುಡ್ಡದ ಖಣದ ಕುಬಸ ತೊಡುತ್ತಿದ್ದರು. ನನ್ನ ಪೆಟ್ಟಿಗೆಯಲ್ಲಿ ಟೋಪತೆನೆ ಸೆರಗಿನ ಇಳಕಲ್ ಇತ್ತು. ಅದನ್ನೇ ಉಟ್ಟೆ. ಕೊರಳಿಗೆ ಕರಿದಾರದಲ್ಲಿ ಕಟ್ಟಿದ ಒಂದೇ ಒಂದು ಬೆಳ್ಳಿಯ ರಾಣಿ ರೂಪಾಯಿ. ನಮ್ಮ ಮನೆತನದಲ್ಲಿ ತಾಯಿಯಿಂದ ಮಗಳಿಗೆ ಬರುತ್ತಿರುವ ಒಡವೆ ಅದು. ಅದರ ಕಥೆ ಮುಂದೆ ಬರುತ್ತದೆ.

ಒಂದೂವರೆ ತಾಸಿನ ಪ್ರಯಾಣ. ಕಿಟಕಿಯಾಚೆ ಹಸಿರು ಹೊಲ, ಕುರಿ, ಆಮೇಲೆ ಒಮ್ಮೆಗೇ ಸಮುದ್ರದ ವಾಸನೆ. ಟೋಪಿಯ ಗೃಹಸ್ಥರು ಪುಟ್ಟಿಗೆ ರೈಲಿನ ಕಥೆ ಹೇಳತೊಡಗಿದರು. 1841ರ ಜುಲೈ 5ರಂದು ಥಾಮಸ್ ಕುಕ್ ಎಂಬಾತ ಲೆಸ್ಟರ್ ಊರಿನ ಸುಮಾರು 500 ಜನರನ್ನು ತಲೆಗೊಂದು ಶಿಲ್ಲಿಂಗ್ ಪಡೆದು ರೈಲಿನಲ್ಲಿ ಲಫ್ಬರಾ ಊರಿಗೆ ಕರೆದೊಯ್ದನಂತೆ. ದೂರ ಹನ್ನೊಂದೋ ಹನ್ನೆರಡೋ ಮೈಲಿ. ಹೋದದ್ದು ಕುಡಿತ ಬಿಡಿಸುವ ಸಭೆಗೆ! ಇವತ್ತಿನ ಪ್ಯಾಕೇಜ್ ಟೂರುಗಳ ಮೂಲ ಅಲ್ಲಿದೆ. ಬ್ರಾಡ್‌ಸ್ಟೇರ್ಸ್‌ಗೆ ರೈಲು ಬಂದದ್ದು 1863ರಲ್ಲಿ. 1871ರಲ್ಲಿ ಬ್ಯಾಂಕ್ ರಜೆಯ ಕಾನೂನು ಬಂತು. ಅಲ್ಲಿಯವರೆಗೆ ಕಡಲು ನೋಡುವುದು ಉಳ್ಳವರ ಭಾಗ್ಯವಾಗಿತ್ತು. ಆಮೇಲೆ ಗುಮಾಸ್ತರು, ಅಂಗಡಿ ಹುಡುಗಿಯರು, ಗಿರಣಿ ಕೆಲಸದವರು ಬುತ್ತಿ ಕಟ್ಟಿಕೊಂಡು ರೈಲು ಹತ್ತಿದರು. "ನಮ್ಮಲ್ಲಿ ಯಲ್ಲಮ್ಮನ ಗುಡ್ಡಕ್ಕ ಚಕ್ಕಡಿ ಕಟ್ಟಿಕೊಂಡು ಹೋಗೂ ಹಂಗ" ಎಂದೆ. ಪುಟ್ಟಿ ಅದನ್ನು ಇಂಗ್ಲಿಷಿಗೆ ತಿರುಗಿಸಲು ಹೋಗಿ ಚಕ್ಕಡಿಯಲ್ಲಿ ಸಿಕ್ಕಿಹಾಕಿಕೊಂಡಳು.

ನಿಲ್ದಾಣದಿಂದ ಹೈಸ್ಟ್ರೀಟಿನ ಇಳಿಜಾರಿನಲ್ಲಿ ಹತ್ತು ನಿಮಿಷ ನಡೆದರೆ ಕಡಲು. ಅರ್ಧಚಂದ್ರದಂಥ ಕೊಲ್ಲಿ, ಹಳದಿ ಮರಳು, ಹಿಂದೆ ಸುಣ್ಣದಕಲ್ಲಿನ ಬಿಳಿ ದಿಬ್ಬ. ಹೆಸರು ವೈಕಿಂಗ್ ಬೇ. ಈ ಹೆಸರು ಮಾತ್ರ ವಿಕ್ಟೋರಿಯಾ ಕಾಲದ್ದಲ್ಲ. 1949ರಲ್ಲಿ ಡೆನ್ಮಾರ್ಕಿನಿಂದ ವೈಕಿಂಗ್ ಮಾದರಿಯ ಹಡಗೊಂದು ಹುಟ್ಟುಹಾಕುತ್ತ ಇಲ್ಲಿಗೆ ಬಂದು ತಲುಪಿದ ನೆನಪಿಗೆ ಇಟ್ಟದ್ದು. ದಿಬ್ಬದ ಮೇಲೆ ಕೋಟೆಯ ಹಾಗೆ ಕಾಣುವ ಮನೆಯೊಂದಿದೆ. ಡಿಕನ್ಸ್ ಬೇಸಿಗೆಗಳಲ್ಲಿ ಅಲ್ಲಿ ತಂಗುತ್ತಿದ್ದ. 'ಡೇವಿಡ್ ಕಾಪರ್‌ಫೀಲ್ಡ್' ಕಾದಂಬರಿಯ ಭಾಗಗಳನ್ನು ಈ ಊರಿನಲ್ಲೇ ಬರೆದ. ಅವನು ಇಲ್ಲಿಗೆ ಮೊದಲು ಬಂದದ್ದು 1837ರಲ್ಲಿ, ಅಂದರೆ ವಿಕ್ಟೋರಿಯಾ ಪಟ್ಟಕ್ಕೆ ಬಂದ ವರ್ಷವೇ. ಅದಕ್ಕೆ ನೂರು ತುಂಬಿದಾಗ, 1937ರಲ್ಲಿ, ಊರವರು ಈ ಉತ್ಸವ ಶುರುಮಾಡಿದರು.

ಕಡಲಿಗೆ ಮುಖಮಾಡಿ ಇನ್ನೊಂದು ಪುಟ್ಟ ಮನೆ ಇದೆ, ಈಗ ವಸ್ತುಸಂಗ್ರಹಾಲಯ. ಅಲ್ಲಿ ಮೇರಿ ಪಿಯರ್ಸನ್ ಸ್ಟ್ರಾಂಗ್ ಎಂಬ ಹೆಣ್ಣುಮಗಳು ಇದ್ದರು. ಮನೆಯ ಮುಂದೆ ಕತ್ತೆ ಹಾಯ್ದರೆ ಸಾಕು, ಹೊರಗೆ ಓಡಿಬಂದು ಅಟ್ಟಿಸಿಬಿಡುತ್ತಿದ್ದರಂತೆ. ಡಿಕನ್ಸ್ ನೋಡಿ ನಕ್ಕು, ಅವರನ್ನೇ ಡೇವಿಡ್‌ನ ಅತ್ತೆ ಬೆಟ್ಸಿ ಟ್ರಾಟ್‌ವುಡ್ ಮಾಡಿದ. ಪಾಪ, ಆಕೆಗೆ ಮುಜುಗರವಾಗಬಾರದೆಂದೋ ಏನೋ, ಕಾದಂಬರಿಯಲ್ಲಿ ಆ ಮನೆಯನ್ನು ಡೋವರ್ ಊರಿಗೆ ಸಾಗಿಸಿದ. ನಮ್ಮ ಓಣಿಯಲ್ಲೂ ಎಮ್ಮೆ ಓಡಿಸುವ ಅಂಥ ಒಬ್ಬ ಕಾಕು ಇದ್ದರು. ಅವರಿಗೆ ಡಿಕನ್ಸ್ ಸಿಗಲಿಲ್ಲ, ಅಷ್ಟೆ.

ಮೆರವಣಿಗೆಗೆ ಜನ ಕೂಡತೊಡಗಿದರು. ನನಗೆ ಕಣ್ಣುಕಟ್ಟಿದಂತಾಯಿತು. ಹದಿನೆಂಟು ಮೊಳದ ಘೇರಿನ ಲಂಗಗಳು, ಲೇಸಿನ ಕೊಡೆಗಳು, ಕೆಂಪು ಕೋಟಿನ ಸಿಪಾಯಿಗಳು, ಮುಖಕ್ಕೆ ಮಸಿ ಬಳಿದುಕೊಂಡು ಹೊಗೆಗೂಡು ಗುಡಿಸುವ ಹುಡುಗರು. ಗುಂಪಿನ ಹಿರಿಯರೊಬ್ಬರು ಮಾತ್ರ ಮುಖ ಕಿವುಚಿಕೊಂಡು ಓಡಾಡುತ್ತಿದ್ದರು. ಕಾರಣ ಕೇಳಿದರೆ, 1850ರ ದಶಕದ ಉಕ್ಕಿನ ಬಳೆಗಳ ಪಂಜರದ ಲಂಗದವಳು, 1880ರ ದಶಕದ ಹಿಂಬದಿ ಉಬ್ಬಿದ ಲಂಗದವಳ ಕೈ ಹಿಡಿದು ನಡೆಯುತ್ತಿದ್ದಾಳೆ, ಇದು ಹೇಗೆ ಸರಿ ಎಂದು! ಮೂವತ್ತು ವರ್ಷದ ಅಂತರವನ್ನು ಅವರು ಬಿಡಲೊಲ್ಲರು. ನನ್ನ ಸೀರೆ ನೋಡಿದಾಗ ಮಾತ್ರ ಸುಮ್ಮನಾದರು. ಅದು ಯಾವ ದಶಕದ್ದೆಂದು ತಪ್ಪು ಹುಡುಕಲು ಅವರಿಗೆ ಬರಲಿಲ್ಲ.

ಪುಟ್ಟಿಗೆ ಅವಳ ಅಮ್ಮ ನಾವಿಕರ ಉಡುಪು ಹೊಲಿದಿದ್ದಳು. 1846ರಲ್ಲಿ ವಿಕ್ಟೋರಿಯಾಳ ಹಿರಿಮಗ ನಾವಿಕರ ಬಟ್ಟೆ ತೊಟ್ಟ ಚಿತ್ರವನ್ನು ವಿಂಟರ್‌ಹಾಲ್ಟರ್ ಎಂಬ ಕಲಾವಿದ ಬರೆದ ಮೇಲೆ ಇಡೀ ನಾಡಿನ ಮಕ್ಕಳು ನಾವಿಕರಾಗಿಬಿಟ್ಟರಂತೆ. ಧಾರವಾಡದಲ್ಲಿ ನನ್ನ ಅಣ್ಣನ ಬಾಲ್ಯದ ಫೋಟೋ ಒಂದಿದೆ. ಅದರಲ್ಲಿ ಅವನೂ ಅಂಥದೇ ಕಾಲರಿನ ಅಂಗಿ ತೊಟ್ಟಿದ್ದಾನೆ. ಅವನು ಸಮುದ್ರ ನೋಡಿದ್ದು ನೌಕರಿಗೆ ಸೇರಿದ ಮೇಲೆ.

ಮೆರವಣಿಗೆ ಮುಗಿದ ಮೇಲೆ ಹುಲ್ಲಿನಂಗಳದಲ್ಲಿ ಕ್ರೋಕೆ. ಮರದ ಉದ್ದ ಕೊಡತಿಯಿಂದ ಚೆಂಡನ್ನು ಕಬ್ಬಿಣದ ಕಮಾನುಗಳ ಒಳಗೆ ನುಗ್ಗಿಸುವ ಆಟ. ನೋಡಲು ಬಲು ಸಾಧು. ಆದರೆ ಎದುರಾಳಿಯ ಚೆಂಡನ್ನು ಬೇಕೆಂದೇ ಹೊಡೆದು ಪೊದೆಯೊಳಗೆ ಕಳಿಸಬಹುದು. ನನ್ನ ಸೊಸೆ ಅಷ್ಟು ನಿರ್ದಯಿ ಎಂದು ನನಗೆ ಅವತ್ತೇ ತಿಳಿದದ್ದು. ಆ ಕಾಲದಲ್ಲಿ ಹೆಣ್ಣುಮಕ್ಕಳು ಗಂಡಸರ ಜೊತೆ ಬಯಲಿನಲ್ಲಿ ಸಮನಾಗಿ ಆಡಬಹುದಾಗಿದ್ದ ಕೆಲವೇ ಆಟಗಳಲ್ಲಿ ಇದೂ ಒಂದು. ವಿಂಬಲ್ಡನ್ನಿನ ಪ್ರಸಿದ್ಧ ಕ್ಲಬ್ಬು 1868ರಲ್ಲಿ ಹುಟ್ಟಿದ್ದೇ ಕ್ರೋಕೆಗಾಗಿ. ಟೆನಿಸ್ ಪಂದ್ಯ ಶುರುವಾದದ್ದು 1877ರಲ್ಲಿ. ಈಗಲೂ ಕ್ಲಬ್ಬಿನ ಹೆಸರಿನಲ್ಲಿ ಕ್ರೋಕೆ ಉಳಿದಿದೆ.

ಮರಳಿನ ಮೇಲೆ ಪಂಚ್ ಮತ್ತು ಜೂಡಿ ಬೊಂಬೆಯಾಟ. ಪಟ್ಟೆಪಟ್ಟೆಯ ಬಟ್ಟೆಯ ಗೂಡಿನೊಳಗೆ ಒಬ್ಬನೇ ಮನುಷ್ಯ. ಬಾಯಲ್ಲಿ ಒಂದು ಪುಟ್ಟ ಪೀಪಿ ಇಟ್ಟುಕೊಂಡು ಪಂಚ್‌ನ ಕೀಚಲು ದನಿ ತೆಗೆಯುತ್ತಾನೆ. ಅವನಿಗೆ ಎಲ್ಲರೂ 'ಪ್ರೊಫೆಸರ್' ಎನ್ನಬೇಕು, ಅದು ರೂಢಿ. ಗೂನುಬೆನ್ನು, ಕೊಕ್ಕಿನಂಥ ಮೂಗಿನ ಪಂಚ್ ಹೆಂಡತಿಗೆ ಹೊಡೆಯುತ್ತಾನೆ, ಪೊಲೀಸನಿಗೆ ಹೊಡೆಯುತ್ತಾನೆ, ಮೊಸಳೆಗೂ ಬಿಡುವುದಿಲ್ಲ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಸೊಸೆಗೆ ಇದು ಸರಿ ಕಾಣಲಿಲ್ಲ. ನನಗೆ ನಮ್ಮ ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ ನೆನಪಾದ. ಅವನೂ ಹೀಗೆಯೇ, ಮೈ ವಕ್ರ, ಬಾಯಿ ಹೊಲಸು, ರಾಮಾಯಣದ ನಡುವೆ ನುಗ್ಗಿ ಊರಗೌಡನಿಂದ ಹಿಡಿದು ಎಲ್ಲರನ್ನೂ ಆಡಿಕೊಳ್ಳುವವನು. ಇಬ್ಬರೂ ಎದುರುಬದುರಾದರೆ ಯಾರು ಗೆಲ್ಲುತ್ತಾರೆ? ನನ್ನ ಪಂದ್ಯ ಕ್ಯಾತನ ಮೇಲೆ.

ಮಧ್ಯಾಹ್ನ ಕಡಲಸ್ನಾನ. ಆ ಕಾಲದವರು ಗಾಲಿ ಇರುವ ಮರದ ಗೂಡಿನೊಳಗೆ ಹೋಗಿ ಬಟ್ಟೆ ಬದಲಿಸುತ್ತಿದ್ದರು. ಕುದುರೆ ಆ ಗೂಡನ್ನು ನೀರಿನೊಳಕ್ಕೆ ಎಳೆದೊಯ್ಯುತ್ತಿತ್ತು. ಹೆಂಗಸರು ಯಾರ ಕಣ್ಣಿಗೂ ಬೀಳದೆ ಮೆಟ್ಟಿಲಿಳಿದು ಮುಳುಗು ಹಾಕುತ್ತಿದ್ದರು. 1847ರಲ್ಲಿ ರಾಣಿಯೂ ಹಾಗೆಯೇ ಸಮುದ್ರಕ್ಕಿಳಿದಳಂತೆ. ನಮ್ಮ ಗುಂಪಿಗೆ ಕುದುರೆಯೂ ಇಲ್ಲ, ಗೂಡೂ ಇಲ್ಲ. ಕಡುನೀಲಿ ಬಣ್ಣದ, ಮೊಣಕಾಲು ಮುಚ್ಚುವ ಸ್ನಾನದ ಉಡುಪು, ತಲೆಗೆ ಕುಚ್ಚಿನ ಟೋಪಿ. "ಒಂದು, ಎರಡು, ಮೂರು" ಎಂದು ಕೂಗಿ ಇಪ್ಪತ್ತು ಜನ ನೀರಿಗೆ ಓಡಿದರು. ಅದಕ್ಕಿಂತ ವೇಗವಾಗಿ ಅರ್ಧದಷ್ಟು ಜನ ಹಿಂದಕ್ಕೆ ಓಡಿಬಂದರು. ಜೂನ್ ತಿಂಗಳಿನಲ್ಲೂ ಅಲ್ಲಿಯ ನೀರು ಮಂಜುಗಡ್ಡೆ. ನಾನು ಸೀರೆ ಎತ್ತಿ ಹಿಡಿದು ಹಿಮ್ಮಡಿ ಮುಳುಗುವಷ್ಟು ನಿಂತೆ. ಅಷ್ಟಕ್ಕೇ ಹಲ್ಲು ಕಟಕಟ ಎಂದವು.

ಬಿಸಿಲು ಕಾಯಿಸಿಕೊಳ್ಳಲು ದಿಬ್ಬದ ಕಡೆ ಬಂದಾಗ ಒಬ್ಬ ಹೆಣ್ಣುಮಗಳು ಕಂಡರು. ನನ್ನದೇ ವಯಸ್ಸು. ರೇಷ್ಮೆ ಇಲ್ಲ, ಲೇಸಿಲ್ಲ. ಒರಟು ಲಂಗ, ಮುಂದೆ ತೇಪೆ ಹಾಕಿದ ಏಪ್ರನ್, ತೋಳು ಮೇಲೇರಿಸಿದ ರವಿಕೆ. ಒಂದು ಮರದ ಪೀಪಾಯಿಯಲ್ಲಿ ನೀರು, ಸಾಬೂನು, ಬಟ್ಟೆ. ಮುಕ್ಕಾಲಿಗೆ ಉದ್ದ ಹಿಡಿಕೆ ಜೋಡಿಸಿದಂಥ ಒಂದು ಸಾಧನದಿಂದ ಬಟ್ಟೆಯನ್ನು ತಿರುವುತ್ತಿದ್ದರು. ಮಕ್ಕಳನ್ನು ಕರೆದು "ನೀವೂ ತಿರುಗಿಸಿ" ಎನ್ನುತ್ತಿದ್ದರು. ಪುಟ್ಟಿ ಹತ್ತು ಸುತ್ತು ತಿರುಗಿಸಿ ತೋಳು ನೋವೆಂದು ಕೂತಳು. ಸೋಮವಾರ ಪೂರ್ತಿ ಬೆಳಗಿನಿಂದ ಸಂಜೆಯವರೆಗೆ ಇದನ್ನೇ ಮಾಡಬೇಕು ಎಂದರೆ ಮಕ್ಕಳ ಬಾಯಿ ತೆರೆದೇ ಉಳಿಯಿತು.

ಆಕೆ ನಿವೃತ್ತ ಶಿಕ್ಷಕಿ. ಯಾಕೆ ಅಗಸಗಿತ್ತಿಯ ವೇಷ ಎಂದು ಕೇಳಿದೆ. ನಮ್ಮ ಅಜ್ಜಿಯ ಅಜ್ಜಿ ಲಾಂಡ್ರಿಯಲ್ಲಿ ದುಡಿದು ಸತ್ತವಳು, ಎಲ್ಲರೂ ಇಲ್ಲಿ ಜಮೀನ್ದಾರರ ಹೆಂಡತಿಯಾಗಲು ಬರುತ್ತಾರೆ, ಅವರ ಬಟ್ಟೆ ಒಗೆಯಲು ಯಾರಾದರೂ ಬೇಕಲ್ಲ ಎಂದರು. ನನಗೆ ಅವರು ತಕ್ಷಣ ಹಿಡಿಸಿದರು.

ಆಮೇಲೆ ಅವರ ಕಣ್ಣು ನನ್ನ ಕೊರಳಿನ ರೂಪಾಯಿಯ ಮೇಲೆ ಬಿತ್ತು. ಒದ್ದೆ ಕೈ ಏಪ್ರನ್ನಿಗೆ ಒರೆಸಿಕೊಂಡು, ಕೇಳಿ, ಹಿಡಿದು ನೋಡಿದರು. ಒಂದು ಬದಿಗೆ ಕಿರೀಟದ ರಾಣಿ. ಇನ್ನೊಂದು ಬದಿಗೆ ಇಸವಿ: 1877.

ಆ ನಾಣ್ಯದ ಕಥೆ ಇಷ್ಟು. 1876ರವರೆಗಿನ ರೂಪಾಯಿಗಳ ಮೇಲೆ 'ವಿಕ್ಟೋರಿಯಾ ಕ್ವೀನ್' ಎಂದು ಇರುತ್ತದೆ. 1877ರಿಂದ 'ವಿಕ್ಟೋರಿಯಾ ಎಂಪ್ರೆಸ್'. ಆ ವರ್ಷದ ಜನವರಿ 1ರಂದು ದೆಹಲಿಯಲ್ಲಿ ದೊಡ್ಡ ದರ್ಬಾರು ನಡೆಸಿ ಆಕೆ ಭಾರತದ ಚಕ್ರವರ್ತಿನಿ ಎಂದು ಸಾರಿದರು. ಅದೇ ಹೊತ್ತಿಗೆ ನಮ್ಮ ಕಡೆ ಮಳೆ ಹೋಗಿ, ಹೊಲ ಒಣಗಿ, ಜನ ಗುಳೆ ಎದ್ದಿದ್ದರು. ಹಿರಿಯರು ಹೇಳುವ ಧಾತು ಈಶ್ವರ ಸಂವತ್ಸರಗಳ ಬರ ಅದೇ. ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳು ಬೆಂದುಹೋದವು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ದುಡಿದು ಉಣ್ಣಿ ಎಂದು ಸರಕಾರ ತೆರೆದ ಕಾಮಗಾರಿಗಳಲ್ಲಿ, ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕಿಲೋಗಿಂತಲೂ ಕಡಿಮೆ, ಮೇಲೊಂದಿಷ್ಟು ಪುಡಿಕಾಸು ಸಾಕೆಂದು ಲೆಕ್ಕ ಹಾಕಿದರು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಎಂಬ ಇಂಗ್ಲಿಷ್ ವೈದ್ಯರೇ ಇದು ಸಾಯಿಸುವ ಲೆಕ್ಕವೆಂದು ವಾದಿಸಿದರು. ಅದೇ ಕಾಲಕ್ಕೆ ಹಡಗುಗಳಲ್ಲಿ ಧಾನ್ಯ ಹೊರದೇಶಕ್ಕೆ ಹೋಗುತ್ತಲೂ ಇತ್ತು.

ನಮ್ಮ ಮನೆತನದ ಆ ಹಿರಿಯಜ್ಜಿಗೆ ರೂಪಾಯಿ ಸರವೊಂದು ಇತ್ತಂತೆ. ಒಂದೊಂದೇ ರೂಪಾಯಿ ಬಿಚ್ಚಿ ಜೋಳ ತಂದಳಂತೆ. ಐದು ಮಕ್ಕಳಲ್ಲಿ ಇಬ್ಬರು ಉಳಿದರು. ಬರ ಕಳೆದ ಮೇಲೆ, ಮೊದಲ ಸುಗ್ಗಿಯ ಜೋಳ ಮಾರಿದಾಗ ಕೈಗೆ ಬಂದ ರೂಪಾಯಿ ಇದು. ಇದನ್ನು ಖರ್ಚು ಮಾಡಲಿಲ್ಲ. ಕರಿದಾರಕ್ಕೆ ಕಟ್ಟಿಟ್ಟಳು.

ನಾನು ಕನ್ನಡದಲ್ಲಿ ಹೇಳಿದೆ, ಪುಟ್ಟಿ ಇಂಗ್ಲಿಷಿನಲ್ಲಿ ಹೇಳಿದಳು. ಒಂಬತ್ತು ವರ್ಷದ ಹುಡುಗಿ 'ಐವರಲ್ಲಿ ಇಬ್ಬರು' ಎನ್ನುವಲ್ಲಿ ನನ್ನ ಮುಖ ನೋಡಿದಳು. ಅವಳಿಗೂ ಈ ಕಥೆ ಅವತ್ತೇ ಮೊದಲು. ಹೇಳಬಾರದಾಗಿತ್ತೇನೋ, ಹಬ್ಬದ ದಿನ ಎಂದು ನನಗೆ ಒಳಗೊಳಗೇ ಅನ್ನಿಸಿತು. ಸುತ್ತ ಏಳೆಂಟು ಜನ ನಿಂತಿದ್ದರು. ರೈಲಿನ ಟೋಪಿಯ ಗೃಹಸ್ಥರೂ ಬಂದಿದ್ದರು. ಅವರು ಗಂಟಲು ಸರಿಮಾಡಿಕೊಂಡು, ಆಗ ಲಂಡನ್ನಿನ ಮೇಯರು ಬರಪರಿಹಾರ ನಿಧಿ ಕೂಡಿಸಿದ್ದರು, ಜನ ಲಕ್ಷಗಟ್ಟಲೆ ಪೌಂಡು ಕೊಟ್ಟಿದ್ದರು ಎಂದರು. ಅದು ನಿಜವೇ. ಹೌದೆಂದು ತಲೆಯಾಡಿಸಿದೆ. ಅಗಸಗಿತ್ತಿ ಮಾತ್ರ ಅವರನ್ನು ನೋಡಿ, "ಮೊದಲು ಕಥೆ ಪೂರ್ತಿ ಕೇಳೋಣ" ಎಂದರು.

"ಅಜ್ಜಿ, ರಾಣಿಗೆ ಗೊತ್ತಿತ್ತ?" ಎಂದು ಪುಟ್ಟಿ ಕೇಳಿದಳು.

ಲಂಡನ್ನಿನ ಪತ್ರಿಕೆಗಳಲ್ಲೆಲ್ಲ ಬರುತ್ತಿತ್ತು. ಗೊತ್ತಿತ್ತು ಎಂದೆ. ಆಕೆ ಮುಂದಿನ ಪ್ರಶ್ನೆ ಕೇಳಲಿಲ್ಲ. ರೂಪಾಯಿಯನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡು ನನಗೆ ಒರಗಿ ನಿಂತಳು. ಟೋಪಿಯ ಗೃಹಸ್ಥರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಗಾಳಿಗೆ ಹಾರದಿರಲೆಂದೋ, ಬೇರೆ ಯಾತಕ್ಕೋ, ನಾನು ಕೇಳಲಿಲ್ಲ.

ಚಹಾ ಹೊತ್ತಿಗೆ ಎಲ್ಲರೂ ಮರಳಿನ ಮೇಲೆ ಕಂಬಳಿ ಹಾಸಿ ಕೂತರು. ಸವತೆಕಾಯಿ ಸ್ಯಾಂಡ್‌ವಿಚ್, ಶುಂಠಿಯ ಬಿಯರ್ (ಹೆಸರಷ್ಟೇ ಬಿಯರ್, ಅಮಲಿಲ್ಲ), ಐಸ್‌ಕ್ರೀಮ್. ಆ ಕಾಲದಲ್ಲಿ ಐಸ್‌ಕ್ರೀಮನ್ನು ಗಾಜಿನ ಪುಟ್ಟ ಬಟ್ಟಲಿನಲ್ಲಿ ಒಂದು ಪೆನ್ನಿಗೆ ಕೊಡುತ್ತಿದ್ದರಂತೆ. ನೆಕ್ಕಿ ಬಟ್ಟಲು ವಾಪಸು ಕೊಡಬೇಕು. ಅದನ್ನೇ ಮುಂದಿನವರಿಗೆ! ರೋಗ ಹರಡುತ್ತದೆಂದು 1899ರಲ್ಲಿ ಲಂಡನ್ನಿನಲ್ಲಿ ಅದನ್ನು ನಿಲ್ಲಿಸಿದರು. ಎಂಜಲು-ಮುಸುರೆ ಎಂದು ಬೈಯುತ್ತಿದ್ದ ನನ್ನ ಅಜ್ಜಿಗೆ ಇದು ಗೊತ್ತಾಗಿದ್ದರೆ ಎಷ್ಟು ಖುಷಿಪಡುತ್ತಿದ್ದರೋ!

ಯಾರೋ ಮರದ ಪೆಟ್ಟಿಗೆಯಿಂದ ಲೂಡೋ ಹಲಗೆ ತೆಗೆದರು. ವಿಕ್ಟೋರಿಯಾ ಕಾಲದ ಕಡೆಗಾಲದ ಆಟ, 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಆದದ್ದು ಎಂದು ನನಗೆ ವಿವರಿಸಿದರು. ನಾನು ನಕ್ಕೆ. ಅದು ನಮ್ಮ ಪಗಡೆ! ನಾಲ್ಕು ತೋಳಿನ ಹಾಸು, ನಾಲ್ಕು ಬಣ್ಣದ ಕಾಯಿ, ನಡುವೆ ಮನೆ. ಕವಡೆಯ ಬದಲು ಒಂದು ದಾಳ, ಅಷ್ಟೇ ವ್ಯತ್ಯಾಸ. ಹಾವು ಏಣಿಯೂ ಹಾಗೆಯೇ ನಮ್ಮ ಪರಮಪದ ಸೋಪಾನ ಪಟದಿಂದ ಹೊರಟು 1890ರ ದಶಕದಲ್ಲಿ ಇಂಗ್ಲೆಂಡಿನ ಮಕ್ಕಳ ಕೈ ಸೇರಿದ್ದು. ವಿಕ್ಟೋರಿಯಾಳ ಸಮಕಾಲೀನರಾಗಿ ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದ್ದರು, 1868ರಲ್ಲಿ ತೀರಿಕೊಳ್ಳುವವರೆಗೂ ಹೊಸಹೊಸ ಹಾಸಿನ ಆಟಗಳನ್ನು ಕಟ್ಟುವ ಹುಚ್ಚು ಅವರಿಗೆ, ಜಗನ್ಮೋಹನ ಅರಮನೆಯಲ್ಲಿ ಈಗಲೂ ನೋಡಬಹುದು ಎಂದೆಲ್ಲ ಹೇಳಿದೆ. ದಶಕಗಳ ಲೆಕ್ಕ ಇಡುವ ಆ ಹಿರಿಯರು ಕಿಸೆಯಿಂದ ಪುಸ್ತಕ ತೆಗೆದು ಬರೆದುಕೊಂಡರು.

"ಅಜ್ಜಿ, ಚೌಕಾಬಾರ ಹಾಕು" ಎಂದಳು ಪುಟ್ಟಿ. ಅಲ್ಲಿಯವರೆಗೆ ಮಂಕಾಗಿದ್ದವಳು ಆಗಷ್ಟೇ ಬಾಯಿ ಬಿಟ್ಟದ್ದು.

ಒದ್ದೆ ಮರಳಿನ ಮೇಲೆ ಬೆರಳಿನಿಂದ ಐದಕ್ಕೆ ಐದು ಮನೆ ಗೀಚಿ, ಕಟ್ಟೆಗಳಿಗೆ ಅಡ್ಡಗೆರೆ ಎಳೆದೆ. ಕವಡೆ ಎಲ್ಲಿ? ಮಕ್ಕಳು ಓಡಿಹೋಗಿ ನಾಲ್ಕು ಚಿಪ್ಪು ತಂದರು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು. ಎರಡಕ್ಕೂ ಇನ್ನೊಂದು ಆಟ. ಕಾಯಿಗಳಿಗೆ ಬೆಣಚುಕಲ್ಲು, ಗುಂಡಿ, ಐಸ್‌ಕ್ರೀಮಿನ ಕಡ್ಡಿಯ ಚೂರು. ಉಕ್ಕಿನ ಪಂಜರದ ಲಂಗದವಳಿಗೆ ಕೂರಲು ಆಗಲಿಲ್ಲ. ನಿಂತೇ ಚಿಪ್ಪು ಎಸೆದಳು, ಅವಳ ಕಾಯಿಯನ್ನು ಹಿಂಬದಿ ಉಬ್ಬಿದ ಲಂಗದವಳು ನಡೆಸಿದಳು. ಅಗಸಗಿತ್ತಿ ಮೊದಲ ಸಲವೇ ಬಾರ ಹಾಕಿದರು. "ಬಾರಾ!" ಎಂದು ಪುಟ್ಟಿ ಕೂಗಿದಾಗ ಎಲ್ಲರೂ ಕೂಗಿದರು. ಟೋಪಿಯ ಗೃಹಸ್ಥರ ಕಾಯಿಯನ್ನು ಒಳಸುತ್ತಿನಲ್ಲಿ ನಾನೇ ಕಡಿದೆ. ಅವರು ಟೋಪಿ ಎತ್ತಿ ವಂದಿಸಿದರು. ಆಮೇಲೆ ಎರಡೇ ಸುತ್ತಿನಲ್ಲಿ ನನ್ನದನ್ನು ಕಡಿದರು.

ಆಟದ ಭರದಲ್ಲಿ ಕಡಲು ಏರುತ್ತಿರುವುದು ಯಾರಿಗೂ ಕಾಣಲಿಲ್ಲ. ಪುಟ್ಟಿಯ ಕೊನೆಯ ಕಾಯಿ ನಡುಮನೆಗೆ ಎರಡೇ ಹೆಜ್ಜೆ ದೂರದಲ್ಲಿತ್ತು. ಒಂದು ತೆರೆ ನುಗ್ಗಿಬಂದು ಮನೆ, ಕಟ್ಟೆ, ಕಾಯಿ, ಚಿಪ್ಪು ಎಲ್ಲವನ್ನೂ ಬಳಿದುಕೊಂಡು ಹೋಯಿತು. ಲಂಗಗಳು ಒದ್ದೆಯಾದವು, ಕಂಬಳಿಗಳು ತೇಲಿದವು, ಎಲ್ಲರೂ ಚೀರುತ್ತ ದಿಬ್ಬದ ಕಡೆ ಓಡಿದೆವು. ಅಗಸಗಿತ್ತಿ ಎಲ್ಲರ ಹಿಂದೆ ಕೂಗಿ ಹೇಳುತ್ತಿದ್ದರು, ಈ ಬಟ್ಟೆಗಳನ್ನೆಲ್ಲ ನಾನು ಒಗೆಯುವುದಿಲ್ಲ ಎಂದು.

ವಾಪಸು ರೈಲಿನಲ್ಲಿ ಟೋಪಿಯ ಗೃಹಸ್ಥರು ಮತ್ತೆ ಎದುರಿಗೇ ಕೂತಿದ್ದರು. ಅವರೂ ಪುಟ್ಟಿಯೂ ಲಂಡನ್ ಬರುವವರೆಗೆ ಒಂದೇ ವಾದ. ತೆರೆ ಬರದಿದ್ದರೆ ತಾನು ಗೆದ್ದಿದ್ದೆ ಎಂದು ಅವಳು, ಎರಡು ಬೀಳುವುದು ಅಷ್ಟು ಸುಲಭವಲ್ಲ ಎಂದು ಅವರು. ರಾಣಿ ರೂಪಾಯಿ ಆಗ ಪುಟ್ಟಿಯ ಕೊರಳಲ್ಲಿತ್ತು. ನಾಳೆ ತೆಗೆದಿಡು ಎಂದೆ. ಹೂಂ ಎಂದಳು, ತೆಗೆಯಲಿಲ್ಲ.